ಲಿಂಗಪ್ಪ ಕಂಪ್ಯೂಟರ್ ಜೋಡಿಸಿದ್ದು

ಬೆಳಗೋಡಿನ ಲಿಂಗಪ್ಪ ರೈಲ್ವೆಯಲ್ಲಿ ಕೀಮನ್ ಆಗಿದ್ದವರು. ಸುತ್ತಿಗೆ, ಸ್ಪ್ಯಾನರು, ಬಾವುಟಗಳನ್ನು ಹೆಗಲಿಗೆ ಹಾಕಿಕೊಂಡು ತಮ್ಮ ಪಾಲಿನ ಹಳಿಯುದ್ದಕ್ಕೂ ನಡೆಯುವುದು, ಸಡಿಲವಾದ ಕೀಲು ಕಂಡರೆ ಬಡಿದು ಕೂರಿಸುವುದು ಅವರ ಕೆಲಸ. ಸಕಲೇಶಪುರದಿಂದ ಘಾಟಿ ಇಳಿಯುವ ದಾರಿಯಲ್ಲಿ, ಎಡಕುಮೇರಿ ಸ್ಟೇಷನ್ನಿನ ಆಚೀಚೆ, ಹದಿನೇಳು ವರ್ಷ ಹೀಗೆ ನಡೆದಿದ್ದರು. ನಿವೃತ್ತರಾದ ಮೇಲೆ ಮಂಡಿ ನೋವು ಹೆಚ್ಚಾಗಿ, ಗದ್ದೆಯ ಬದುವಿನ ಮೇಲೆ ನಡೆಯುವುದೂ ಕಷ್ಟವಾಗಿತ್ತು. ಕಂಪ್ಯೂಟರ್ ಎಂದರೆ ಟಿವಿಯ ಹಾಗೆ ಒಂದು ಪೆಟ್ಟಿಗೆ ಎಂದಷ್ಟೇ ಅವರಿಗೆ ಗೊತ್ತಿತ್ತು.

ಮಳೆಗಾಲ ಮುಗಿಯುವ ಹೊತ್ತಿಗೆ ಒಂದು ದಿನ ಅವರ ಫೋನಿನ ಗಾಜು ಒಡೆಯಿತು. ಸಕಲೇಶಪುರದ ಬಸ್ ಸ್ಟ್ಯಾಂಡ್ ಹತ್ತಿರ ಪಿಯೂಸ್ ಎಂಬುವರ ರಿಪೇರಿ ಅಂಗಡಿ ಇದೆ. ಪಿಯೂಸರ ತಂದೆ ಮಂಗಳೂರು ಕಡೆಯಿಂದ ಬಂದು ವನಗೂರಿನ ಎಸ್ಟೇಟೊಂದರಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದವರು. ಮಗ ಪೇಟೆಯಲ್ಲಿ ಫೋನು, ಸಿಸಿ ಕ್ಯಾಮೆರಾ, ಕಂಪ್ಯೂಟರು ಎಲ್ಲವನ್ನೂ ನೋಡುತ್ತಾರೆ. ಲಿಂಗಪ್ಪ ಹೋದಾಗ ಪಿಯೂಸ್ ಯಾರದೋ ಕಂಪ್ಯೂಟರ್ ಸರಿಮಾಡಿ, ಬಿಸಿಯಾಗುತ್ತದೋ ಇಲ್ಲವೋ ನೋಡಲು ಒಂದು ಆಟ ಓಡಿಸಿ ಬಿಟ್ಟಿದ್ದರು. ಅದು ರೈಲು ಓಡಿಸುವ ಆಟ. ಪರದೆಯ ತುಂಬ ಇಂಜಿನ್ನಿನ ಗಾಜು, ಅದರಾಚೆ ಹಳಿ, ಹಳಿಯ ತುದಿಯಲ್ಲಿ ಸುರಂಗದ ಬಾಯಿ. ಅದು ದೊಡ್ಡದಾಗುತ್ತ ಹತ್ತಿರ ಬಂದಾಗ, ಸ್ಟೂಲಿನ ಮೇಲೆ ಕೂತಿದ್ದ ಲಿಂಗಪ್ಪ ತಮಗೇ ಗೊತ್ತಿಲ್ಲದೆ ಎದ್ದು ಎರಡು ಹೆಜ್ಜೆ ಪಕ್ಕಕ್ಕೆ ಸರಿದರು.

ಪಿಯೂಸ್ ಏನಾಯಿತೆಂದು ಕೇಳಿದರು. ಏನಿಲ್ಲ ಎಂದು ಲಿಂಗಪ್ಪ ಮತ್ತೆ ಕೂತರು. ಅಷ್ಟು ವರ್ಷ ಅವರು ರೈಲನ್ನು ಎದುರಿಂದ ನೋಡಿದ್ದರು. ಇಂಜಿನ್ನಿನ ಒಳಗಿನಿಂದ ತಾವು ನಿಲ್ಲುತ್ತಿದ್ದ ಜಾಗ ಹೇಗೆ ಕಾಣುತ್ತದೆಂದು ಒಂದು ದಿನವೂ ನೋಡಿರಲಿಲ್ಲ. ಆವತ್ತು ಸುಮಾರು ಮುಕ್ಕಾಲು ಗಂಟೆ ಅಲ್ಲೇ ಕೂತರು. ಹೊರಡುವಾಗ, ಇಂಥದ್ದೊಂದು ತಮಗೂ ಬೇಕು, ನಲವತ್ತು ಸಾವಿರದೊಳಗೆ ಆಗುತ್ತದೆಯೇ ಎಂದು ಕೇಳಿದರು.

ಮನೆಯಲ್ಲಿ ಪಾರ್ವತಮ್ಮನವರಿಗೆ ಹೇಳಿದಾಗ ಅವರು ಬೈಯಲಿಲ್ಲ, ನಗಲೂ ಇಲ್ಲ. ಒಂದೇ ಪ್ರಶ್ನೆ ಕೇಳಿದರು: "ಯಾಕ್ ಬೇಕು ಅಂತ ನಿಮ್ಗೆ ಗೊತ್ತೈತಾ?" ಲಿಂಗಪ್ಪ ತುಂಬ ಯೋಚಿಸಿ ಗೊತ್ತಿಲ್ಲ ಎಂದರು. ಗೊತ್ತಾದ ಮೇಲೆ ತಗೊಳ್ಳಿ ಎಂದು ಪಾರ್ವತಮ್ಮ ಒಳಗೆ ಹೋದರು. ಗೊತ್ತಾಗಲಿಲ್ಲ. ಆದರೂ ಮುಂದಿನ ಸೋಮವಾರ ಅವರು ಬಸ್ಸು ಹತ್ತಿ ಪಿಯೂಸರ ಅಂಗಡಿಗೆ ಹೋದರು.

ಪಿಯೂಸ್ ಒಂದು ಹಾಳೆಯಲ್ಲಿ ಬರೆದುಕೊಟ್ಟ ಪಟ್ಟಿ ನೋಡಿ ಲಿಂಗಪ್ಪನಿಗೆ ಮೊದಲ ಗೊಂದಲ ಶುರುವಾಯಿತು. ತಾವು ಕೇಳಿದ್ದು ಒಂದು ವಸ್ತು. ಹಾಳೆಯಲ್ಲಿದ್ದವು ಎಂಟು ಹೆಸರುಗಳು. ಇದರಲ್ಲಿ ಕಂಪ್ಯೂಟರ್ ಯಾವುದು ಎಂದು ಕೇಳಿದರು. ಎಲ್ಲ ಸೇರಿದರೆ ಕಂಪ್ಯೂಟರ್ ಎಂದು ಪಿಯೂಸ್ ಸಮಾಧಾನದಿಂದ ವಿವರಿಸಿದರು. ಲೆಕ್ಕ ಮಾಡುವುದು ಪ್ರೊಸೆಸರ್. ಅದು ಕೂರುವ ಹಲಗೆ ಮದರ್‌ಬೋರ್ಡ್. ಕೆಲಸ ನಡೆಯುವಾಗ ಬೇಕಾದ್ದನ್ನು ಕೈಯಳತೆಯಲ್ಲಿ ಇಟ್ಟುಕೊಳ್ಳುವುದು ರ‍್ಯಾಮ್. ಚಿತ್ರ ಬಿಡಿಸುವುದು ಗ್ರಾಫಿಕ್ಸ್ ಕಾರ್ಡ್. ಲಿಂಗಪ್ಪ ತಲೆಯಾಡಿಸುತ್ತ ಹೋದರು. ಕೊನೆಗೆ ಪಿಯೂಸ್, ಈ ಹಣದಲ್ಲಿ ಹೊಸ ಗ್ರಾಫಿಕ್ಸ್ ಕಾರ್ಡ್ ಹಿಡಿಸುವುದಿಲ್ಲ ಎಂದರು. ಹಳೆಯದನ್ನು ಹುಡುಕಬೇಕು, ಇಲ್ಲವೇ ಚಿತ್ರ ಬಿಡಿಸುವ ಶಕ್ತಿ ಒಳಗೇ ಇರುವ ಪ್ರೊಸೆಸರ್ ತಗೊಂಡು ಕಾರ್ಡನ್ನೇ ಬಿಡಬೇಕು.

"ಕಾರ್ಡ್ ಇಲ್ದೆ ರೈಲು ಓಡ್ತೈತಾ?" ಎಂದರು ಲಿಂಗಪ್ಪ.

"ಓಡ್ತದೆ ಲಿಂಗಪ್ಪಣ್ಣ. ಆದ್ರೆ ಓಡಿದ ಹಾಗೆ ಇರಲ್ಲ."

ಈ ಮಾತನ್ನು ಅವರು ಮನೆಗೆ ಹೊತ್ತು ತಂದರು. ಓಡುತ್ತದೆ, ಆದರೆ ಓಡಿದ ಹಾಗಿರುವುದಿಲ್ಲ ಎಂದರೆ ಓಡುತ್ತದೆಯೋ ಇಲ್ಲವೋ? ಮಗಳು ಮಾನಸ ಆಲೂರಿನಲ್ಲಿ ಒಂದು ಲ್ಯಾಬಿನಲ್ಲಿ ರಕ್ತಪರೀಕ್ಷೆಯ ಕೆಲಸ ಮಾಡುತ್ತಾಳೆ. ದಿನಾ ಸಂಜೆ ಬಂದ ಮೇಲೆ ಅಪ್ಪನಿಗೆ ಫೋನಿನಲ್ಲಿ ವಿಡಿಯೋಗಳನ್ನು ಹಾಕಿಕೊಡುತ್ತಿದ್ದಳು. ಒಬ್ಬ ಹಳೆಯ ಕಾರ್ಡ್ ಮುಟ್ಟಲೇಬೇಡಿ ಎಂದ. ಇನ್ನೊಬ್ಬ ಈ ಹಣಕ್ಕೆ ಹೊಸದು ತಗೊಳ್ಳುವವನು ಮೂರ್ಖ ಎಂದ. ಮೂರನೆಯವನು ಪವರ್ ಸಪ್ಲೈ ಚೆನ್ನಾಗಿಲ್ಲದಿದ್ದರೆ ಏನು ತಗೊಂಡರೂ ಸುಟ್ಟುಹೋಗುತ್ತದೆ ಎಂದು ಹೆದರಿಸಿದ. ಮೂವರೂ ಒಂದೇ ಧಾಟಿಯಲ್ಲಿ, ಒಂದೇ ಆತ್ಮವಿಶ್ವಾಸದಲ್ಲಿ ಮಾತಾಡುತ್ತಿದ್ದರು. ಮಾನಸಳಿಗೆ ಯಾರದು ಸರಿ ಎಂದು ಕೇಳಿದರೆ, ಆಟದ ವಿಷಯ ತನಗೆ ಗೊತ್ತಿಲ್ಲ, ಲ್ಯಾಬಿನಲ್ಲಿ ರಿಪೋರ್ಟ್ ಪ್ರಿಂಟ್ ತೆಗೆಯುವುದಷ್ಟೇ ಗೊತ್ತು ಎಂದಳು. ಅಷ್ಟರಲ್ಲಿ ಕರೆಂಟು ಹೋಯಿತು. ಯುಪಿಎಸ್ ಎಂಬ ಒಂಬತ್ತನೆಯ ಹೆಸರು ಪಟ್ಟಿಗೆ ಸೇರಿತು.

ನವೆಂಬರಿನಲ್ಲಿ ಕಾಫಿ ಕೊಯ್ಲು ಶುರುವಾಯಿತು. ಲಿಂಗಪ್ಪನವರಿಗಿದ್ದ ಅರ್ಧ ಎಕರೆಯ ಗಿಡಗಳಲ್ಲಿ ಪಾರ್ವತಮ್ಮ ಇಬ್ಬರು ಹೆಂಗಸರನ್ನು ಕರೆದುಕೊಂಡು ಹಣ್ಣು ಬಿಡಿಸುತ್ತಿದ್ದರೆ, ಇವರು ಮಂಡಿ ನೀವಿಕೊಂಡು ನೆರಳಲ್ಲಿ ಕೂತು ಆ ಹಾಳೆಯನ್ನೇ ನೋಡುತ್ತಿದ್ದರು. ಒಂದು ಹೆಸರಿಗೆ ಗೆರೆ ಎಳೆಯುವರು, ಮಾರನೇ ದಿನ ಅದನ್ನೇ ಮತ್ತೆ ಬರೆಯುವರು. ವಾರಕ್ಕೊಮ್ಮೆ ಪಿಯೂಸರಿಗೆ ಫೋನ್ ಮಾಡಿ, ಹಿಂದಿನ ವಾರ ಕೇಳಿದ್ದನ್ನೇ ಕೇಳುವರು. ಹಾಗೆ ಕೇಳಲು ತಮಗೇ ನಾಚಿಕೆಯಾದಾಗ ಫೋನ್ ಮಾಡುವುದನ್ನು ಬಿಟ್ಟರು. ತಾವೇ ಏನಾದರೂ ಮಾಡಿಬಿಡಬೇಕು ಎನಿಸಿತು.

ಹಾಸನದಲ್ಲಿ ಯಾರೋ ತಮ್ಮ ಕಂಪ್ಯೂಟರ್ ಬಿಚ್ಚಿ ಮಾರುತ್ತಿದ್ದಾರೆಂದು ಫೋನಿನಲ್ಲಿ ಜಾಹೀರಾತು ಕಂಡಿತು. ಲಿಂಗಪ್ಪ ಯಾರಿಗೂ ಹೇಳದೆ ಹೋಗಿ ಮದರ್‌ಬೋರ್ಡ್, ಅದರ ಮೇಲೆ ಕೂತಿದ್ದ ಪ್ರೊಸೆಸರ್, ಒಂದು ಹಳೆಯ ಗ್ರಾಫಿಕ್ಸ್ ಕಾರ್ಡ್ ಕೊಂಡರು. ಮಾರಿದವರು ಒಳ್ಳೆಯವರೇ, ಎಲ್ಲವನ್ನೂ ಓಡಿಸಿ ತೋರಿಸಿದರು. ರ‍್ಯಾಮ್ ಮಾತ್ರ ತಮಗೇ ಬೇಕೆಂದು ಇಟ್ಟುಕೊಂಡರು. ವಾಪಸು ಬರುವಾಗ ಒಂದು ಅಂಗಡಿಗೆ ಹೋಗಿ ಲಿಂಗಪ್ಪ ಹದಿನಾರು ಜಿಬಿಯ ರ‍್ಯಾಮ್ ಕೊಡಿ ಎಂದರು. ಅಂಗಡಿಯವರು ಡಿಡಿಆರ್ ನಾಲ್ಕೋ ಐದೋ ಎಂದು ಕೇಳಿದರು. ಲಿಂಗಪ್ಪ ಒಂದು ನಿಮಿಷ ನಿಂತು ಯೋಚಿಸಿದರು. ನಾಲ್ಕಕ್ಕಿಂತ ಐದು ಮೇಲಿರಲೇಬೇಕಲ್ಲ? ಐದನ್ನೇ ತಗೊಂಡರು.

ಮನೆಯಲ್ಲಿ ಮೇಜಿನ ಮೇಲೆ ಟವೆಲ್ ಹಾಸಿ ಬೋರ್ಡ್ ಇಟ್ಟು, ವಿಡಿಯೋದಲ್ಲಿ ತೋರಿಸಿದಂತೆ ರ‍್ಯಾಮ್ ಕೂರಿಸಲು ನೋಡಿದರು. ಕೂರಲಿಲ್ಲ. ತಿರುಗಿಸಿ ಇಟ್ಟರೂ ಕೂರಲಿಲ್ಲ. ಕನ್ನಡಕ ಹಾಕಿಕೊಂಡು ನೋಡಿದರೆ, ರ‍್ಯಾಮಿನ ಅಂಚಿನ ಕಚ್ಚು ಒಂದು ಕಡೆ, ಬೋರ್ಡಿನ ಸಂದಿಯಲ್ಲಿರುವ ತಡೆ ಇನ್ನೊಂದು ಕಡೆ. ವ್ಯತ್ಯಾಸ ಕೂದಲೆಳೆಯಷ್ಟು. ಅವರ ಹಳೆಯ ಸಾಮಾನಿನ ಪೆಟ್ಟಿಗೆಯಲ್ಲಿ ಅರ ಇತ್ತು. ಸ್ವಲ್ಪ ಉಜ್ಜಿದರೆ ಕೂತುಬಿಡುತ್ತದೆ. ಅರವನ್ನು ಕೈಗೆ ತಗೊಂಡು, ರ‍್ಯಾಮನ್ನು ಕಿಟಕಿಯ ಬೆಳಕಿಗೆ ಹಿಡಿದರು.

ಆ ಕೈ ಹಾಗೆಯೇ ನಿಂತಿತು. ಎರಡು ಹಳಿಗಳ ತುದಿ ಜೋಡಿಸುವಾಗ ಕೂರದ ಫಿಶ್‌ಪ್ಲೇಟನ್ನು ಬಡಿದು ಕೂರಿಸಲು ಹೋದ ಹಳಿ ರಿಪೇರಿ ಗ್ಯಾಂಗಿನ ಹೊಸಬರನ್ನು ಅವರು ಎಷ್ಟು ಸಲ ಬೈದಿದ್ದರೋ. ಅರವನ್ನು ಪೆಟ್ಟಿಗೆಗೆ ಹಾಕಿ, ಬೋರ್ಡನ್ನು ಟವೆಲಿನಲ್ಲಿ ಸುತ್ತಿಟ್ಟು ಹೊರಗೆ ಬಂದು ಕೂತರು. ಅಂಗಡಿಗೆ ಫೋನ್ ಮಾಡಿದರೆ ಒಡೆದ ಪೊಟ್ಟಣ ವಾಪಸಿಲ್ಲ ಎಂದರು. ಆಗಲೇ ಪಾರ್ವತಮ್ಮನಿಗೆ ವಿಷಯ ಗೊತ್ತಾದದ್ದು.

"ಪಿಯೂಸಣ್ಣನ ಹತ್ರ ಹೋಗಿ," ಎಂದರು ಪಾರ್ವತಮ್ಮ. "ಅವ್ರೇನ್ ನಿಮ್ಮುನ್ನ ತಿಂದ್ಬುಡಲ್ಲ."

ಪಿಯೂಸ್ ಟವೆಲ್ ಬಿಚ್ಚಿ, ಬೋರ್ಡನ್ನು ಮಗುಚಿ ನೋಡಿ, ರ‍್ಯಾಮ್ ಎತ್ತಿಕೊಂಡು ನಕ್ಕರು. ಡಿಡಿಆರ್ ನಾಲ್ಕಕ್ಕೂ ಐದಕ್ಕೂ ಕಚ್ಚಿನ ಜಾಗ ಬೇರೆ. ತಪ್ಪಾಗಿ ಯಾರೂ ಹಾಕಬಾರದೆಂದೇ ಹಾಗೆ ಮಾಡಿದ್ದಾರೆ ಎಂದು ಹೇಳಿದರು. ಲಿಂಗಪ್ಪನಿಗೆ ಮೂರು ತಿಂಗಳಲ್ಲಿ ಮೊದಲ ಸಲ ಒಂದು ವಿಷಯ ಪೂರ್ತಿ ಅರ್ಥವಾಯಿತು. ಮೀಟರಿಗೆ ಐವತ್ತೆರಡು ಕೇಜಿ ತೂಗುವ ಹಳಿಗೂ ಅರವತ್ತು ಕೇಜಿಯ ಹಳಿಗೂ ನೇರ ಜೋಡಣೆ ಆಗುವುದಿಲ್ಲ ಎಂದು ಅವರು ಪಿಯೂಸರಿಗೆ ವಿವರಿಸಿದರು. ಅರವತ್ತು ದೊಡ್ಡದು, ಹಾಗೆಂದು ಐವತ್ತೆರಡರ ಪಕ್ಕಕ್ಕೆ ಅದನ್ನು ತಂದಿಟ್ಟರೆ ಗಾಡಿ ಬೀಳುತ್ತದೆ. ಎರಡನ್ನೂ ಹಿಡಿಯುವ ಬೇರೆ ಫಿಶ್‌ಪ್ಲೇಟ್ ಇದೆ. ಇದಕ್ಕೂ ಅಂಥದ್ದು ಇದೆಯೇ ಎಂದು ಕೇಳಿದರು. ಪಿಯೂಸ್ ಇಲ್ಲ ಎಂದಾಗ ಅರ್ಥವಾದದ್ದು ಮತ್ತೆ ಅರ್ಧವಾಯಿತು.

ಅಷ್ಟರಲ್ಲಿ ಇನ್ನೊಂದು ವಿಚಿತ್ರ ನಡೆದಿತ್ತು. ಆ ತಿಂಗಳುಗಳಲ್ಲಿ ಎಲ್ಲ ಕಡೆ ರ‍್ಯಾಮಿನ ಬೆಲೆ ಏರತೊಡಗಿತ್ತು. ಲಿಂಗಪ್ಪ ಹಾಸನದಿಂದ ತಂದದ್ದು ಹಳೆಯ ಬೆಲೆಯ ದಾಸ್ತಾನು. ಅದನ್ನೇ ಹುಡುಕುತ್ತಿದ್ದ ಗಿರಾಕಿಯೊಬ್ಬರಿಗೆ ಪಿಯೂಸ್ ಅದನ್ನು ಏರಿದ ಬೆಲೆಗೆ ಕೊಡಿಸಿದರು. ಬಂದ ಹಣದಲ್ಲಿ ಈ ಬೋರ್ಡಿಗೆ ಹೊಂದುವ ಹಳೆಯ ರ‍್ಯಾಮ್ ಬಂತು, ಪವರ್ ಸಪ್ಲೈ ಹೊಸದೇ ಬಂತು. ತಪ್ಪು ಮಾಡದಿದ್ದರೆ ಪವರ್ ಸಪ್ಲೈ ಹಳೆಯದೇ ಆಗುತ್ತಿತ್ತು.

"ಹಂಗಾದ್ರೆ ನಾನು ಮಾಡಿದ್ದು ಸರಿಯೋ ತಪ್ಪೋ?" ಎಂದು ಲಿಂಗಪ್ಪ ಕೇಳಿದರು.

"ಅದನ್ನ ನಂಗೆ ಕೇಳ್ಬೇಡಿ ಮಾರಾಯ್ರೇ," ಎಂದರು ಪಿಯೂಸ್. "ಸ್ಕ್ರೂ ಡ್ರೈವರ್ ಹಿಡ್ಕೊಳ್ಳಿ."

ಪಟ್ಟಿಯ ಉಳಿದ ಸಾಮಾನನ್ನು ಪಿಯೂಸ್ ಒದಗಿಸಿದ ಮೇಲೆ, ಒಂದಿಡೀ ಬೆಳಗ್ಗೆ ಇಬ್ಬರೂ ಕೂತು ಜೋಡಿಸಿದರು. ಸ್ಕ್ರೂಗಳನ್ನೆಲ್ಲ ಲಿಂಗಪ್ಪನೇ ತಿರುಗಿಸಿದರು. ಮೊದಲು ಎಲ್ಲವನ್ನೂ ಅರ್ಧ ಕೂರಿಸಿ, ಆಮೇಲೆ ಎದುರುಬದುರಾಗಿ ಬಿಗಿ ಮಾಡುವುದನ್ನು ಅವರಿಗೆ ಯಾರೂ ಹೇಳಿಕೊಡಬೇಕಾಗಲಿಲ್ಲ. ಗುಂಡಿ ಒತ್ತಿದಾಗ ಫ್ಯಾನುಗಳು ತಿರುಗಿದವು, ಪರದೆ ಕಪ್ಪಾಗಿಯೇ ಉಳಿಯಿತು. ಲಿಂಗಪ್ಪನ ಮುಖವೂ ಕಪ್ಪಾಯಿತು. ಪಿಯೂಸ್ ಹಿಂದೆ ಬಗ್ಗಿ ನೋಡಿ, ಮಾನಿಟರಿನ ವೈರನ್ನು ಬೋರ್ಡಿನಿಂದ ಕಿತ್ತು ಗ್ರಾಫಿಕ್ಸ್ ಕಾರ್ಡಿಗೆ ಸಿಕ್ಕಿಸಿದರು. ಪರದೆ ಹೊತ್ತಿಕೊಂಡಿತು. ಒಂದೇ ಥರದ ಎರಡು ತೂತು ಯಾಕೆ ಇಟ್ಟಿದ್ದಾರೆಂದು ಲಿಂಗಪ್ಪ ಕೇಳಲು ಹೋಗಿ, ಉಳಿದ ಸ್ಕ್ರೂಗಳನ್ನು ಎಣಿಸತೊಡಗಿದರು.

ಸಕಲೇಶಪುರ ಘಾಟಿಯ ಹಳಿಯನ್ನೇ ಹೋಲುವ ದಾರಿಯೊಂದನ್ನು ಯಾರೋ ಹವ್ಯಾಸಿಗಳು ಮಾಡಿ ಆಟಕ್ಕೆ ಸೇರಿಸಿದ್ದರು. ಪಿಯೂಸ್ ಅದನ್ನೂ ಹಾಕಿಕೊಟ್ಟರು. ಮಾರನೇ ದಿನ ಮಧ್ಯಾಹ್ನ ಲಿಂಗಪ್ಪ ಸಕಲೇಶಪುರದಿಂದ ರೈಲು ಹೊರಡಿಸಿದರು. ಪಾರ್ವತಮ್ಮ ಪಕ್ಕದಲ್ಲಿ ಮೊರ ಇಟ್ಟುಕೊಂಡು ಅವರೆಕಾಯಿ ಸುಲಿಯುತ್ತ ಕೂತರು. ದೋಣಿಗಲ್ ಸ್ಟೇಷನ್ ಬಂತು, ಹೋಯಿತು. ಆಮೇಲೆ ಸುರಂಗ, ಸೇತುವೆ, ಸುರಂಗ. ಲಿಂಗಪ್ಪ ಎಣಿಸುತ್ತ ಹೋದರು, ನಡುವೆ ಲೆಕ್ಕ ತಪ್ಪಿತು. ಕಾಲ ಕೆಳಗಿನ ಜಲ್ಲಿಯಿಂದ, ಹಳಿಯಡಿಯ ಸ್ಲೀಪರಿನ ಬಿರುಕಿನಿಂದ, ನೀರು ಜಿನುಗುವ ಬಂಡೆಯಿಂದ ಗುರುತು ಹಿಡಿಯುತ್ತಿದ್ದ ಜಾಗಗಳು ಮೇಲಿನಿಂದ ಯಾವುವೂ ಗುರುತಾಗಲಿಲ್ಲ. ಅರ್ಧ ದಿನ ನಡೆಯುತ್ತಿದ್ದ ದಾರಿ ಕೆಲವೇ ನಿಮಿಷದಲ್ಲಿ ಕಳೆದುಹೋಗುತ್ತಿತ್ತು.

"ನೀವಿದ್ದ ಜಾಗ ಯಾವ್ದು?" ಎಂದು ಪಾರ್ವತಮ್ಮ ಕೇಳಿದರು.

"ಇಲ್ಲೇ ಎಲ್ಲೋ..." ಲಿಂಗಪ್ಪ ಪರದೆಯ ಹತ್ತಿರ ಬಗ್ಗಿದರು. "ಹೋಗ್ಬುಡ್ತು ಅನ್ಸುತ್ತೆ ಕಣೇ."

ಮುಂದಿನ ಸುರಂಗದೊಳಗೆ ಅವರು ಬ್ರೇಕ್ ಹಾಕಿ ಗಾಡಿ ನಿಲ್ಲಿಸಿ ಗೋಡೆಗಳನ್ನು ನೋಡಿದರು. ಒಳಗೆ ಇರುವಾಗ ಗಾಡಿ ಬಂದರೆ ಮನುಷ್ಯ ಸರಿದು ನಿಲ್ಲಲೆಂದು ನಿಜವಾದ ಸುರಂಗದ ಗೋಡೆಯಲ್ಲಿ ಅಲ್ಲಲ್ಲಿ ಗೂಡು ಕೊರೆದಿರುತ್ತಾರೆ. ಇಲ್ಲಿ ಗೋಡೆ ಉದ್ದಕ್ಕೂ ನುಣ್ಣಗಿತ್ತು. ಇದು ಆಟ, ಒಳಗೆ ಯಾರೂ ಇಲ್ಲ ಎಂದು ಅವರಿಗೆ ಗೊತ್ತಿತ್ತು. ಆದರೂ ಅಲ್ಲಿಂದ ಮುಂದೆ ವೇಗ ಹೆಚ್ಚಿಸಲು ಕೈ ಬರಲಿಲ್ಲ. ಹಾರ್ನ್ ಒತ್ತಿ ಹಿಡಿದುಕೊಂಡೇ ಘಾಟಿ ಕೆಳಗಿನ ಸುಬ್ರಹ್ಮಣ್ಯ ರೋಡ್ ಸ್ಟೇಷನ್ನಿನವರೆಗೆ ಹೋದರು.

ಸಂಜೆ ಮಾನಸಳಿಂದ ಆ ದಾರಿ ಮಾಡಿದವರಿಗೆ ಸಂದೇಶ ಬರೆಸಿದರು: ಸುರಂಗದಲ್ಲಿ ಗೂಡುಗಳಿಲ್ಲ, ಹಾಕಬೇಕು. ಎರಡು ದಿನಕ್ಕೆ ಉತ್ತರ ಬಂತು. ಬಹಳ ಸಂತೋಷವೆಂದೂ, ಎಷ್ಟು ಮೀಟರಿಗೊಂದು ಗೂಡು, ಎಡಕ್ಕೋ ಬಲಕ್ಕೋ ತಿಳಿಸಬೇಕೆಂದೂ ಅದರಲ್ಲಿತ್ತು. ಲಿಂಗಪ್ಪ ಪೆನ್ನು ಹಿಡಿದು ಕೂತರು. ಮೀಟರು ನೆನಪಿಗೆ ಬರಲಿಲ್ಲ. ಕತ್ತಲಲ್ಲಿ ಗೋಡೆ ಸವರುತ್ತ ಎಷ್ಟು ಹೆಜ್ಜೆಗೆ ಕೈ ಒಳಗೆ ಹೋಗುತ್ತಿತ್ತು ಎಂಬುದು ಕಾಲಿಗೆ ಗೊತ್ತಿತ್ತು, ಆದರೆ ಅಂಕಿಯಾಗಿ ಬಾಯಿಗೆ ಬರುತ್ತಿರಲಿಲ್ಲ. ಹಜಾರದ ಗೋಡೆ ಹಿಡಿದು, ಕಣ್ಣು ಮುಚ್ಚಿ ನಡೆದು ನೋಡಿದರು. ಒಂದು ಸಲ ಒಂದು ಲೆಕ್ಕ ಬಂತು, ಇನ್ನೊಂದು ಸಲ ಇನ್ನೊಂದು.

ಮುಂದಿನ ವಾರ ಗೂಡುಗಳನ್ನು ಎಣಿಸಲೆಂದು ಪಾರ್ವತಮ್ಮನನ್ನು ಕರೆದುಕೊಂಡು, ಹಗಲು ರೈಲಿನಲ್ಲಿ ಕಿಟಕಿ ಪಕ್ಕ ಕೂತು ಘಾಟಿ ಇಳಿದರು. ಸುರಂಗದೊಳಗೆ ಗಾಜಿನಲ್ಲಿ ಕಂಡದ್ದು ಅವರದೇ ಮುಖ. ಮಾನಸ ಇನ್ನೂ ಉತ್ತರ ಕಳಿಸಿಲ್ಲ. ಅಪ್ಪ ಒಂದು ಅಂಕಿ ಹೇಳಲೆಂದು ಕಾಯುತ್ತಿದ್ದಾಳೆ.