ಮೈಸೂರು ರೋಡಿನಲ್ಲಿ ಕೂತ ಗೋಧಿ

ನಾನು ಹಡಗು ಹತ್ತಿದವಳಲ್ಲ. ಆದರೆ ಗೋಧಿ ಹೇರಿದ ಹಡಗು ಯಾಕೆ ವಾಲುತ್ತೆ ಅನ್ನೋದನ್ನ ಹಡಗಿನ ಆಫೀಸರ್ ಆಗಿದ್ದ ನನ್ನ ತಮ್ಮನಿಗೆ ಹೇಳಿಕೊಟ್ಟವಳು ನಾನೇ. ಯಾರು ಕೇಳಿದರೂ ಹೇಳ್ತೀನಿ, ಕೇಳದಿದ್ರೂ ಹೇಳ್ತೀನಿ.

ಎಂಬತ್ತರ ದಶಕದ ಮಾತು. ಮಾರೇನಹಳ್ಳಿಯಲ್ಲಿ ನನ್ನ ದಿನಸಿ ಅಂಗಡಿ. ಮನೆ ಜಗಲಿ ಮೇಲೆ ಎರಡು ಮೂಟೆ ರಾಗಿ ಇಟ್ಟುಕೊಂಡು ಶುರು ಮಾಡಿದವಳು, ಅಷ್ಟೊತ್ತಿಗೆ ಸ್ವಂತ ಬೋರ್ಡು ಹಾಕಿಸಿದ್ದೆ. ಕೆಂಗೇರಿ ಕಡೆಯ ರೈತರು ರಾಗಿ ತಂದರೆ ಸೇರಿನಲ್ಲಿ ಅಳೆದು ತಗೊಳ್ತಿದ್ದೆ. ಪ್ರತಿ ಸೇರನ್ನೂ ನೆಲಕ್ಕೆ ಎರಡು ಸಲ ಕುಟ್ಟಿಸೋದು ನನ್ನ ಪದ್ಧತಿ. ಕುಟ್ಟಿದರೆ ಕಾಳು ಕೂತು ಇನ್ನೊಂದು ಹಿಡಿ ಹಿಡಿಸುತ್ತೆ. "ಅಕ್ಕಾ, ಇವತ್ತು ಕುಟ್ಟಂಗಿಲ್ಲ, ಮೊದ್ಲೇ ಹೇಳ್ಬಿಟ್ಟೆ" ಅಂತಲೇ ಒಬ್ಬ ಮೂಟೆ ಇಳಿಸ್ತಿದ್ದ. ಆದರೂ ಕುಟ್ಟಿಸ್ತಿದ್ದೆ.

ತಮ್ಮ ಮೇಲಿನ ದರ್ಜೆಗೆ ಹೋಗಬೇಕಾದರೆ ಬೊಂಬಾಯಿಯಲ್ಲಿ ಮೌಖಿಕ ಪರೀಕ್ಷೆ ಪಾಸಾಗಬೇಕಿತ್ತು. ಎರಡು ಸಲ ಫೇಲು. ಈ ಸಲವೂ ಆಗದಿದ್ದರೆ ಬೇರೆಯವರನ್ನ ನೋಡ್ಕೊಳ್ತೀವಿ ಅಂತ ಕಂಪನಿಯವರು ಹೇಳಿಬಿಟ್ಟಿದ್ದರು. ಅಂಗಡಿ ಹಿಂದಿನ ಕೋಣೆಯಲ್ಲಿ ಕೂತು ಗಟ್ಟಿಯಾಗಿ ಓದ್ತಿದ್ದ: ಮೂಟೆ ಕಟ್ಟದೆ ಸುರಿದ ಬಿಡಿ ಧಾನ್ಯ ಒಂದು ಪಕ್ಕಕ್ಕೆ ಸರಿದರೂ ಹಡಗು ಹನ್ನೆರಡು ಡಿಗ್ರಿಗಿಂತ ಹೆಚ್ಚು ವಾಲಲ್ಲ ಅಂತ, ಹೊರಡೋಕೆ ಮುಂಚೆಯೇ ಲೆಕ್ಕ ಹಾಕಿ ತೋರಿಸಬೇಕು.

"ಎಲ್ಲಾ ಬಾಯಿಪಾಠ ಆಗಿದೆಯಲ್ಲೋ. ಎಡವಿದ್ದೆಲ್ಲಿ?" ಅಂದೆ.

"ಸರಕಿನ ಕೋಣೆ ಬಾಯಿಮಟ್ಟ ತುಂಬಿದ್ರೂ ಲೆಕ್ಕ ಬೇಕಾ ಅಂತ ಕೇಳಿದ್ರು. ಸರಿಯೋಕೆ ಜಾಗಾನೇ ಇಲ್ವಲ್ಲ, ಬೇಡ ಸಾರ್ ಅಂದೆ."

"ಎರಡನೇ ಸಲ?"

"ಬೇಕು ಸಾರ್ ಅಂದೆ. ಯಾಕೆ ಅಂದ್ರು. ಪುಸ್ತಕದಲ್ಲಿದೆ ಅಂದೆ."

"ನನ್ನ ತಮ್ಮ ಆಗಿ ಇಂಥಾ ಮಾತಾಡಿದ್ಯಾ? ಏಳು ಮೇಲೆ."

ಖಾಲಿ ಎಣ್ಣೆ ಡಬ್ಬಕ್ಕೆ ಬಾಯಿಮಟ್ಟ ಗೋಧಿ ಸುರಿದು ಮುಚ್ಚಳ ಬಿಗಿದೆ. ವಾಲಿಸು ಅಂದೆ. ವಾಲಿಸಿದ. ಒಳಗೆ ಸದ್ದಿಲ್ಲ.

"ಭಾವನ ಸ್ಕೂಟರ್ ತಗೊ. ಕಾಲ ಹತ್ರ ಇದನ್ನ ಇಟ್ಕೊಂಡು ಕೆಂಗೇರಿಗೆ ಹೋಗಿ ಬಾ."

"ಅಕ್ಕಾ, ನೋಡಿದವರು ನಗ್ತಾರೆ ಕಣೇ."

"ನಗಲಿ ಬಿಡು. ಬೊಂಬಾಯಿನೋರು ನಕ್ಕಾಯ್ತು, ಕೆಂಗೇರಿಯೋರದೇನು."

ಆಗಿನ ಮೈಸೂರು ರೋಡಿನ ಹಳ್ಳಗಳು ನಾನು ಕುಟ್ಟಿಸೋದಕ್ಕಿಂತ ಚೆನ್ನಾಗಿ ಕುಟ್ಟಿದ್ದವು. ವಾಪಸ್ ಬಂದು ಡಬ್ಬ ವಾಲಿಸಿದ. ಒಳಗೆ ಸರ್ರನೆ ಜಾರಿತು. ನೆಟ್ಟಗೆ ನಿಲ್ಲಿಸಿ ಮುಚ್ಚಳ ತೆಗೆದರೆ ಒಂದು ಪಕ್ಕ ದಿಬ್ಬ, ಇನ್ನೊಂದು ಪಕ್ಕ ನಾಲ್ಕು ಬೆರಳು ಖಾಲಿ. ಅದರೊಳಗೆ ಬೆರಳಿಟ್ಟು ಅಳೆದು ನೋಡಿದ.

"ಡಬ್ಬ ನೆಟ್ಟಗೆ ನಿಂತ್ರೂ ಗೋಧಿ ತಿರುಗಿ ಬರಲಿಲ್ಲ, ನೋಡ್ದಾ?" ಅಂದೆ. "ಮೂಲೆ ಮೂಲೆಗೂ ತಳ್ಳಿ ಸಮ ಮಾಡಿಸು. ಮೇಲೆ ಮೂಟೆ ಪೇರಿಸಿದ್ರೆ ಇನ್ನೂ ಒಳ್ಳೇದು. ಆದ್ರೂ ಕೂರುತ್ತೆ ಅಂತಾನೇ ಲೆಕ್ಕ ಹಾಕು."

ನಿಮಗೂ ಹೇಳ್ತೀನಿ: ತುಂಬಿದೆ ಅಂತ ಯಾರಾದ್ರೂ ಡಬ್ಬ ಕೊಟ್ಟರೆ ಕುಟ್ಟಿ ನೋಡದೆ ತಗೋಬೇಡಿ.

ಪರೀಕ್ಷೆ ಮುಗಿಸಿ ಸ್ಟೇಷನ್ನಿನಿಂದ ನೆಟ್ಟಗೆ ಅಂಗಡಿಗೇ ಬಂದ. ನಾನು ಕುಟ್ಟಂಗಿಲ್ಲ ಅನ್ನೋ ಆ ರೈತನ ಕೈಲಿ ರಾಗಿ ಅಳೆಸ್ತಿದ್ದೆ.

"ಅದೇ ಸಾಹೇಬ್ರು, ಅದೇ ಪ್ರಶ್ನೆ," ಅಂದ. "ದಾರೀಲಿ ಕಾಳು ಕೂರುತ್ತೆ ಸಾರ್, ನಾಲ್ಕು ಬೆರಳು ಜಾಗ ಆದ್ರೆ ಸಾಕು ಒಂದು ಪಕ್ಕಕ್ಕೆ ಹೋಗಿ ಅಲ್ಲೇ ನಿಲ್ಲುತ್ತೆ ಅಂದೆ. ಯಾವ ಸಮುದ್ರದಲ್ಲಿ ನೋಡಿದ್ರಿ ಅಂದ್ರು."

"ಏನಂದೆ?"

"ಮೈಸೂರು ರೋಡಲ್ಲಿ ಸಾರ್, ನಮ್ಮಕ್ಕ ತೋರಿಸಿದ್ಲು ಅಂದೆ. ನಕ್ಕುಬಿಟ್ರು. ಪಾಸು."

ರೈತ ಸೇರು ತುಂಬಿ, ಕುಟ್ಟೋಕೆ ಅಂತ ಕೈಯಲ್ಲಿ ಎತ್ತಿ ಹಿಡಿದುಕೊಂಡು ನನ್ನ ಮುಖ ನೋಡ್ತಿದ್ದ.

"ಇವತ್ತು ಬೇಡ ಬಿಡಪ್ಪಾ," ಅಂದೆ. "ಹಂಗೇ ಸುರಿ."