ಬಿಸಿಲು ಕಾಣದ ಹಾಸಿಗೆ

ಮಧುಗಿರಿ ಸೀಮೆಯಲ್ಲಿ ಬೆಟ್ಟ ಎಂದರೆ ಒಂದೇ, ನಿದ್ದೆ ಎಂದರೂ ಒಂದೇ. ಬೆಟ್ಟದ ಸಂಗತಿಯನ್ನು ಹತ್ತಿ ಬಂದವರು ಹೇಳಲಿ. ನಿದ್ದೆ ಮಾತ್ರ ಕಂಡಕ್ಟರ್ ಲಕ್ಷ್ಮೀಪತಿಯದು.

ಪಾವಗಡದಿಂದ ಮಧುಗಿರಿಗೆ ಓಡುವ ಖಾಸಗಿ ಬಸ್ಸಿನ ಹಿಂಬಾಗಿಲ ಕಂಬಿಗೆ ಒರಗಿ, ಟಿಕೆಟ್ ಚೀಲವನ್ನು ಹೊಟ್ಟೆಗೆ ಅವಚಿಕೊಂಡು, ಅವನು ನಿಂತೇ ಮಲಗುತ್ತಿದ್ದ. ಒಮ್ಮೆ ಮಿಡಿಗೇಶಿಯ ಬಳಿ ಟೈರು ಸಿಡಿದು ಬಸ್ಸು ಬೇಲಿಗೆ ನುಗ್ಗಿತಂತೆ. ಹೆಂಗಸರು ದೇವರನ್ನೂ ಗಂಡಸರು ಡ್ರೈವರನ ತಾಯಿಯನ್ನೂ ನೆನೆಯುತ್ತಿದ್ದರೆ, ಲಕ್ಷ್ಮೀಪತಿ ಕಣ್ಣು ತೆರೆಯದೆ, "ಮಿಡಿಗೇಶಿ, ಇಳ್ಕಳಿ, ಹಿಂದ್ಗಡೆ ಡೋರು" ಅಂದನಂತೆ. ಧೂಳು ಇಳಿದ ಮೇಲೆ ನೋಡಿದರೆ ಬಸ್ಸು ನಿಂತಿದ್ದದ್ದು ಸ್ಟಾಪಿನ ಎದುರಿಗೇ. ಅವತ್ತಿನಿಂದ ಆ ದಾರಿಯಲ್ಲಿ ಒಂದು ಮಾತು ಹುಟ್ಟಿತು: ಲಕ್ಷ್ಮೀಪತಿಯ ಕಣ್ಣು ಮಲಗುತ್ತದೆ, ಕಿವಿ ಡ್ಯೂಟಿಯಲ್ಲಿರುತ್ತದೆ. ಮಿಡಿಗೇಶಿಯ ಕೋಟೆಯನ್ನು ಬಂಡೆಯ ಬದಲು ಇವನ ನಿದ್ದೆಯ ಮೇಲೆ ಕಟ್ಟಿಸಿದ್ದರೆ ಒಂದು ಕಲ್ಲೂ ಅಲುಗುತ್ತಿರಲಿಲ್ಲ ಎಂದು ಅಲ್ಲಿಯ ಹಿರಿಯರು ಇವತ್ತಿಗೂ ಹೇಳುತ್ತಾರೆ. ಮಂಡಿ ಸವೆದ ಮೇಲೆ ಬಸ್ಸಿನ ಮಾಲೀಕರು ಅವನನ್ನು ಸ್ಟ್ಯಾಂಡಿನಲ್ಲಿ ಬಸ್ಸುಗಳ ಟೈಮು ನೋಡಲು ಹಾಕಿದರು. ನಿಂತು ಮಲಗುತ್ತಿದ್ದವನಿಗೆ ಕೂತು ಮಲಗುವ ಬಡ್ತಿ ಸಿಕ್ಕಿತು.

ಇಂಥ ಮಹಾಪುರುಷನಿಗೆ ಹೆಂಡತಿಯಾದವಳು ವೇದಾವತಿ. ಅಂಗನವಾಡಿ ಟೀಚರು. ಊರಿನ ಮಕ್ಕಳನ್ನೆಲ್ಲ ಮಧ್ಯಾಹ್ನ ತಟ್ಟಿ ಮಲಗಿಸುವವಳಿಗೆ ತನ್ನ ಕಣ್ಣಿಗೆ ಮಾತ್ರ ನಿದ್ದೆ ಹತ್ತುತ್ತಿರಲಿಲ್ಲ. ಗಂಡ ಹೆಂಡಿರಿಬ್ಬರ ಪಾಲಿನ ನಿದ್ದೆಯನ್ನೂ ಅವನೊಬ್ಬನೇ ಉಂಡುಬಿಟ್ಟ ಎಂದು ನೆರೆಯವರು ಹೇಳುತ್ತಿದ್ದರು. ನಿಜ ಅದಲ್ಲ. ಅವಳ ನಿದ್ದೆಯನ್ನು ಕದ್ದವನು ವೈ.ಎನ್.ಹೊಸಕೋಟೆಯಲ್ಲಿದ್ದ. ಹೆಸರು ವೆಂಕಟರಾಮಯ್ಯ, ಅವಳ ಅಕ್ಕ ಇಂದ್ರಮ್ಮನ ಗಂಡ, ಕಡ್ಲೆಕಾಯಿ ವ್ಯಾಪಾರಿ.

ಭಾವನ ಹೊಸ ಮನೆಯ ಗೃಹಪ್ರವೇಶಕ್ಕೆ ನೆಂಟರೆಲ್ಲ ಸೇರಿದ್ದರು. ಮಲಗುವ ಹೊತ್ತಿಗೆ ಒಬ್ಬೊಬ್ಬರಿಗೂ ಮಂಚ, ಮೆತ್ತೆ, ಹೊದಿಕೆ ಹಂಚಿಕೆಯಾಯಿತು. ಲಕ್ಷ್ಮೀಪತಿಯ ಸರದಿ ಬಂದಾಗ ಭಾವ ನಡುಮನೆಯಲ್ಲಿ ನಿಂತು, ಎಲ್ಲರಿಗೂ ಕೇಳುವ ಹಾಗೆ, "ಇವನಿಗ್ಯಾಕ್ರೀ ಹಾಸ್ಗೆ? ನಿಂತ್ಕಂಡೇ ನಿದ್ದೆ ಮಾಡೋನು. ಒಂದು ಕಂಬ ತೋರ್ಸಿ, ಸಾಕು" ಅಂದ. ಮನೆ ಬಿದ್ದು ಹೋಗುವಂತೆ ನಕ್ಕರು. ಆಮೇಲೆ ಕರುಣೆ ತೋರಿಸಿ ಜಗಲಿಯಲ್ಲಿ, ಚಪ್ಪಲಿಗಳ ಪಕ್ಕ, ಒಂದು ಚಾಪೆ ಹಾಸಿಸಿದ. ವೇದಾವತಿ ಗಂಡನ ಮುಖ ನೋಡಿದಳು. ಮೀಸೆ ಕುಣಿಯುತ್ತದೆ, ತೋಳು ಮಡಚುತ್ತಾನೆ, ಬ್ಯಾಗು ಎತ್ತಿಕೊಂಡು ಹೊರಟೇಬಿಡುತ್ತಾನೆ ಅಂದುಕೊಂಡಳು. ಅವನು ಚಪ್ಪಲಿಗಳನ್ನು ಕಾಲಲ್ಲಿ ಒಂದಿಷ್ಟು ಅತ್ತ ಸರಿಸಿ, ಗಾಳಿ ಚೆನ್ನಾಗಿದೆ ಅಂತ ಹೇಳಿ, ಮಲಗಿದ. ಗೊರಕೆಯೂ ಬಂತು.

ಅವಮಾನ ಮಾಡಿಸಿಕೊಂಡವನೇ ನಿದ್ದೆ ಹೋದರೆ ಸೇಡು ಯಾರ ಕೆಲಸ? ಹೆಂಡತಿಯದು.

ಹಿಂದಿನ ಕಾಲದ ಮಹಾರಾಣಿಯರು ಸೇಡಿಗೆ ಮುಡಿ ಬಿಚ್ಚಿ ಕೂರುತ್ತಿದ್ದರಂತೆ. ಅಂಗನವಾಡಿಯಲ್ಲಿ ಅದು ನಡೆಯುವುದಿಲ್ಲ, ಮಕ್ಕಳು ಹೆದರುತ್ತವೆ. ವೇದಾವತಿ ಮಧುಗಿರಿಗೆ ಬಂದವಳೇ ಮನೆಯ ಹತ್ತಿ ಹಾಸಿಗೆ ಸುತ್ತಿ ಅಟ್ಟಕ್ಕೆ ಎಸೆದಳು. "ಆ ಭಾವ ನಮ್ಮನೆ ಹಾಸ್ಗೆ ನೋಡಿ ಹೊಟ್ಟೆ ಉರ್ಕಳೋಗಂಟ ನಾನು ಹಾಸ್ಗೆ ಮೇಲೆ ಮೈ ಚಾಚಾಕಿಲ್ಲ" ಎಂದು ಶಪಥ ಮಾಡಿದಳು. ಲಕ್ಷ್ಮೀಪತಿ "ಆಯ್ತು ಬುಡು" ಅಂದು ಚಾಪೆ ಹಾಸಿಕೊಂಡ.

ಮುಂದಿನದು ಆಯುಧದ ಹುಡುಕಾಟ. ಮಧುಗಿರಿಯ ಅಂಗಡಿಯಲ್ಲಿ ಫೋಮಿನ ಹಾಸಿಗೆ ತೋರಿಸಿದರು. ಕೂತರೆ ಉದ್ದಿನವಡೆ ಸಾಂಬಾರಿನಲ್ಲಿ ಮುಳುಗಿದ ಹಾಗೆ ಮುಳುಗಿದಳು. ಕೊರಟಗೆರೆಯಲ್ಲಿ ನಾರಿನ ಹಾಸಿಗೆ ತೋರಿಸಿದರು. ಅದಕ್ಕಿಂತ ಕಲ್ಲುಚಪ್ಪಡಿ ಮೃದು. ಕೊನೆಗೆ ಯಾರೋ ಶಿರಾದ ಕಲೀಮುಲ್ಲಾನ ಹೆಸರು ಹೇಳಿದರು. ಇವನ ಅಜ್ಜ ಬಿಲ್ಲು ಹೆಗಲಿಗೇರಿಸಿ ಹತ್ತಿ ಹಿಂಜಲು ಹಳ್ಳಿ ಹಳ್ಳಿ ಸುತ್ತುತ್ತಿದ್ದ. ಬರಗೂರಿನ ಕಡೆ ಆ ಬಿಲ್ಲಿನ ಟೊಂಯ್ ಟೊಂಯ್ ಕೇಳಿದರೆ ಹೆಂಗಸರು ಹಳೇ ಹಾಸಿಗೆ ಹೊತ್ತು ಓಡಿ ಬರುತ್ತಿದ್ದರಂತೆ. ಮೊಮ್ಮಗ ಗಾಜಿನ ಬಾಗಿಲು ಹಾಕಿಸಿ, ಒಳಗೆ ಹಾಸಿಗೆಗಳನ್ನು ಮಂಚದ ಮೇಲೆ ಮದುಮಕ್ಕಳಂತೆ ಕೂರಿಸಿದ್ದ.

ಗಂಡನನ್ನೂ ಕರೆದುಕೊಂಡು ಹೋದದ್ದು ವೇದಾವತಿಯ ಮೊದಲ ತಪ್ಪು. ಮಲಗಿ ನೋಡಿ ಅಣ್ಣ ಎಂದು ಕಲೀಮುಲ್ಲಾ ಹೇಳಿ ಮುಗಿಸುವುದರೊಳಗೆ ಲಕ್ಷ್ಮೀಪತಿ ಮೊದಲನೆಯ ಹಾಸಿಗೆಯ ಮೇಲೆ ನಿದ್ದೆ ಹೋಗಿದ್ದ. ಎಬ್ಬಿಸಿ ಎರಡನೆಯದಕ್ಕೆ ಕಳಿಸಿದರು, ಅಲ್ಲೂ ನಿದ್ದೆ. ನಡುವೆ ಹಾಸಿಗೆಗಳನ್ನು ಸುತ್ತಿ ತಂದ ರಟ್ಟಿನ ರಾಶಿ ಬಿದ್ದಿತ್ತು. ಅದರ ಮೇಲೂ ಅಷ್ಟೇ ನಿಷ್ಠೆಯಿಂದ ಮಲಗಿದ. ಇಂಥವನನ್ನು ಅಳತೆಗೋಲು ಮಾಡಿಕೊಂಡು ಹಾಸಿಗೆ ಆರಿಸುವುದು, ಹಸಿದ ಎಮ್ಮೆಗೆ ಹುಲ್ಲಿನ ರುಚಿ ಕೇಳಿದ ಹಾಗೆ.

ಆಗ ವೇದಾವತಿಗೆ ಹೊಳೆಯಿತು. ಹಾಸಿಗೆ ಬೇಕಾದದ್ದು ಗಂಡನಿಗಲ್ಲ, ತನಗೂ ಅಲ್ಲ. ಅವಳು ಕಲೀಮುಲ್ಲಾನನ್ನು ಹತ್ತಿರ ಕರೆದು, ಆಳು ದಪ್ಪ, ಸೊಂಟನೋವು, ರಾತ್ರಿಯೆಲ್ಲ ಮಗ್ಗುಲು ಬದಲಾಯಿಸುತ್ತಾನೆ, ಬೆನ್ನು ಬೆವರುತ್ತದೆ, ಅಂಥವನಿಗೆ ಯಾವುದು ಎಂದು ಕೇಳಿದಳು. ಕಲೀಮುಲ್ಲಾ ರಟ್ಟಿನ ಮೇಲೆ ಬಿದ್ದಿದ್ದ ಕಡ್ಡಿಯಂಥ ಲಕ್ಷ್ಮೀಪತಿಯನ್ನು ನೋಡಿದ.

"ಇವರಿಗಾ ಅಕ್ಕಾ?"

"ಅಲ್ಲ. ಶತ್ರುಗೆ."

ಕಲೀಮುಲ್ಲಾ ವ್ಯಾಪಾರಿ. ಶತ್ರುಗಳೂ ಗಿರಾಕಿಗಳೇ ಎಂಬುದು ಅವನಿಗೆ ಗೊತ್ತು. ಒಳಗಿನ ಕೋಣೆಗೆ ಕರೆದುಕೊಂಡು ಹೋಗಿ, ಆರ್ಗ್ಯಾನಿಕ್ ಲ್ಯಾಟೆಕ್ಸ್ ಹೈಬ್ರಿಡ್ ಅನ್ನುವುದನ್ನು ತೋರಿಸಿದ. ಕೆಳಗೆ ಸ್ಪ್ರಿಂಗು, ಒಂದೊಂದಕ್ಕೂ ಒಂದೊಂದು ಬಟ್ಟೆಚೀಲ. ಒಬ್ಬರು ಹೊರಳಿದರೆ ಪಕ್ಕದವರಿಗೆ ಗೊತ್ತಾಗುವುದಿಲ್ಲ. ಮೇಲೆ ರಬ್ಬರ್ ಮರದ ಹಾಲಿನಿಂದ ಮಾಡಿದ ದಪ್ಪ ಪದರ, ಜರಡಿಯ ಹಾಗೆ ತೂತು ತೂತು, ಬೆವರು ನಿಲ್ಲುವುದಿಲ್ಲ. ಅದರ ಮೇಲೆ ಔಷಧಿ ಹೊಡೆಯದೆ ಬೆಳೆದ ಹತ್ತಿಯ ಕವರು. ರಾಗಿ ಆರ್ಗ್ಯಾನಿಕ್ ಅಂದರೆ ತಿನ್ನುವುದಕ್ಕೆ, ಹಾಸಿಗೆ ಆರ್ಗ್ಯಾನಿಕ್ ಆದರೆ ಏನು ಕಚ್ಚಿ ತಿನ್ನಬೇಕೇ ಎಂದು ವೇದಾವತಿ ಕೇಳಿದಳು. ರಾತ್ರಿಯಿಡೀ ಮೂಗು ಅದರ ಮೇಲೇ ಇರುತ್ತದಲ್ಲ, ಗಬ್ಬು ವಾಸನೆ ಕುಡಿಯುವುದು ಬೇಡ ಅಂತ, ಎಂದ. ಅವಳು ಮೊಣಕೈ ಊರಿ ನೋಡಿದಳು. ಒಳಗೆ ಹೋಗುತ್ತದೆ, ಆದರೆ ಮುಳುಗಿಸುವುದಿಲ್ಲ. ಕೈ ತೆಗೆದರೆ ಮೊದಲಿನ ಹಾಗೇ ಏಳುತ್ತದೆ. ಮೆತ್ತಗಿನದು, ನಡುವಿನದು, ಬಿಗಿಯಾದದ್ದು ಎಂದು ಮೂರು ತರ ಇದ್ದವು. ಭಾವನ ಸೊಂಟವನ್ನು ಮನಸ್ಸಿನಲ್ಲೇ ತೂಗಿ ನಡುವಿನದನ್ನು ಆರಿಸಿದಳು. ಯಾವ ಹೆಂಡತಿಯೂ ಗಂಡನ ಬೆನ್ನಿನ ಬಗ್ಗೆ ಅಷ್ಟು ಅಕ್ಕರೆಯಿಂದ ಯೋಚಿಸಿರಲಾರಳು.

ಹೊರಡುವಾಗ ಕಲೀಮುಲ್ಲಾ ಬಾಗಿಲಿಗೆ ಅಡ್ಡ ನಿಂತ. "ಒಂದ್ ಮಾತು ಅಕ್ಕಾ, ಅಲ್ಲಾ ಕಸಮ್, ಮರೀಬೇಡಿ. ಇದನ್ನ ಬಿಸಿಲಿಗೆ ಮಾತ್ರ ಹಾಕ್ಬೇಡಿ. ರಬ್ಬರ್ ಸುಟ್ಟು ಪುಡಿಪುಡಿ ಆಯ್ತದೆ. ನೆರಳಲ್ಲಿ ಗಾಳಿಗೆ ಇಟ್ರೆ ಸಾಕು."

ವೇದಾವತಿ ಬೆಪ್ಪಾದಳು. ಈ ಸೀಮೆಯಲ್ಲಿ ಹಾಸಿಗೆ ಅಂದಮೇಲೆ ಯುಗಾದಿಗೆ ಮುಂಚೆ ತಾರಸಿ ಹತ್ತಲೇಬೇಕು. ಉರಿಬಿಸಿಲಲ್ಲಿ ಒಣಗಿ, ದೊಣ್ಣೆಯಲ್ಲಿ ಬಡಿಸಿಕೊಂಡು, ತಿಗಣೆ ಬಿಟ್ಟು ಕೆಳಗಿಳಿಯಬೇಕು. ಹಾಸಿಗೆ ಒಣಹಾಕದ ಮನೆಗೆ ಹೆಣ್ಣು ಕೊಡಲು ಹಿಂದುಮುಂದು ನೋಡುತ್ತಾರೆ. ಅವಳು ಇನ್ನೊಮ್ಮೆ ಕೇಳುವಷ್ಟರಲ್ಲಿ ರಟ್ಟಿನ ರಾಶಿಯಿಂದ, ಮುಚ್ಚಿದ ಕಣ್ಣಿನ ಕೆಳಗಿನಿಂದ, "ಬಿಸ್ಲಿಗೆ ಹಾಕ್ಬಾರ್ದು" ಎಂದು ದನಿ ಬಂತು. ಕಿವಿ ಡ್ಯೂಟಿಯಲ್ಲಿತ್ತು.

ಹಾಸಿಗೆ ಮಧುಗಿರಿಗೆ ಬಂತು, ಬಲೆ ಹಾಸಿತು, ಕಾಯಿತು. ವೇದಾವತಿ ಅದರ ಮೇಲೆ ಮಲಗಲಿಲ್ಲ. ಶಪಥ ಇನ್ನೂ ತೀರಿರಲಿಲ್ಲವಲ್ಲ. ಕೊನೆಗೊಂದು ದಿನ ಭಾವನಿಗೆ ಯಾವುದೋ ಜಮೀನಿನ ಕೆಲಸಕ್ಕೆ ಮಧುಗಿರಿಯಲ್ಲಿ ಉಳಿಯಬೇಕಾಗಿ ಬಂತು. ಅವಳು ಅನ್ನ ಸಾರು ಬಡಿಸಿ, ಒಳಕೋಣೆಯ ಬಾಗಿಲು ತೆರೆದು, ಮಲಗಿ ಭಾವ ಅಂದಳು. ದಿನವೂ ಕೋಳಿಗಿಂತ ಮುಂಚೆ ಎದ್ದು ಕಾಫಿಗೆ ಕೂಗುವ ಮನುಷ್ಯ ಮರುದಿನ ಏಳಲೇ ಇಲ್ಲ. ಹಾಲಿನವನು ಬಂದು ಹೋದ, ಸೊಪ್ಪಿನವಳು ಬಂದು ಹೋದಳು. ಬಿಸಿಲು ತುಳಸಿಕಟ್ಟೆ ದಾಟಿದ ಮೇಲೆ ಒಳಗೆ ಮಂಚ ಅಲುಗಿತು. ವೇದಾವತಿ ಬಾಗಿಲ ಸಂದಿಗೆ ಕಣ್ಣಿಟ್ಟಳು. ಭಾವ ಸೊಂಟ ಮುಟ್ಟಿಕೊಂಡ. ಬಗ್ಗಿದ. ಇನ್ನೊಮ್ಮೆ ಬಗ್ಗಿದ. ಆಮೇಲೆ ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು ಹಾಸಿಗೆಯನ್ನು ಅಂಗೈಯಲ್ಲಿ ಒತ್ತಿ, ಬಿಟ್ಟು, ಒತ್ತಿ ನೋಡಿದ. ಅವನ ಮುಖದಲ್ಲಿ ಹೊಟ್ಟೆಕಿಚ್ಚು ಹೊತ್ತಿದ್ದನ್ನು ಅವಳು ಕಣ್ತುಂಬ ನೋಡಿದಳು. ಅಂಥ ದರ್ಶನ ಯಾವ ದೇವಸ್ಥಾನದಲ್ಲೂ ಆಗಿರಲಿಲ್ಲ.

ಒಳ್ಳೆಯ ದಿನ ನೋಡಿ ಹಾಸಿಗೆ ಹತ್ತಬೇಕೆಂದಿದ್ದಳು, ಆದರೆ ಗೆಲುವು ವಾರ ಕಾಲವೂ ಬಾಳಲಿಲ್ಲ. ಭಾವ ಮೊಬೈಲಿನಲ್ಲಿ ಅಂಥದ್ದೇ ಹಾಸಿಗೆಯನ್ನು, ಇನ್ನೂ ಅಗಲ, ಇನ್ನೂ ದಪ್ಪದ್ದನ್ನು ತರಿಸಿದ. ಪೆಟ್ಟಿಗೆಯೊಳಗೆ ಚಕ್ಕುಲಿಯಂತೆ ಸುತ್ತಿಕೊಂಡು ಬಂದದ್ದು ಅರಳಿ ಮಂಚ ತುಂಬಿತಂತೆ. ಜೊತೆಗೆ ಬಂದ ಕಾಗದವನ್ನು ಯಾರೂ ಓದಲಿಲ್ಲ, ಅದರಲ್ಲಿ ಕಡ್ಲೆಬೀಜ ಕಟ್ಟಿ ತಿಂದರು. ನೆಂಟರಿಗೆಲ್ಲ ಫೋನು ಮಾಡಿ, ಮಧುಗಿರಿಯಲ್ಲಿರುವುದು ಮರಿ, ತನ್ನದು ತಾಯಿ ಎಂದು ಹೇಳಿಕೊಂಡ. ಕಂಬದ ಜೋಕನ್ನೂ ಮತ್ತೆ ಸೇರಿಸಿದ. ಅದನ್ನು ಕೇಳಿದ ದಿನ ವೇದಾವತಿ ಅಂಗನವಾಡಿಯ ಮಕ್ಕಳನ್ನು ತಟ್ಟಿದ ರಭಸಕ್ಕೆ ಒಂದು ಮಗುವೂ ಮಲಗಲಿಲ್ಲ. ತನ್ನ ಆಯುಧವನ್ನೇ ಶತ್ರು ಕಿತ್ತುಕೊಂಡು ಝಳಪಿಸುತ್ತಿದ್ದ. ಅವಳು ಮತ್ತೆ ಚಾಪೆಯ ಮೇಲೆ ಕಣ್ಣು ಬಿಟ್ಟುಕೊಂಡು ಬಿದ್ದಳು. ಪಕ್ಕದ ಮಂಚದ ಹೊಸ ಹಾಸಿಗೆಯಲ್ಲಿ ಲಕ್ಷ್ಮೀಪತಿ, ಅದು ಹೊಸದೆಂಬ ಅರಿವೇ ಇಲ್ಲದೆ, ಗೊರಕೆ ಹೊಡೆಯುತ್ತಿದ್ದ.

ಯುಗಾದಿ ಹತ್ತಿರ ಬಂತು. ಒಂದು ಬೆಳಗ್ಗೆ ಇಂದ್ರಮ್ಮನ ಫೋನು. ವೇದಾವತಿ ಚಪಾತಿ ಹಿಟ್ಟು ಕಲಸುತ್ತಿದ್ದಳು. ಕೈ ಹಿಟ್ಟಾಗಿದ್ದರಿಂದ ಸ್ಪೀಕರ್ ಹಾಕಿದಳು. ಮನೆಯೆಲ್ಲ ಗುಡಿಸಿ ಸಾರಿಸುತ್ತಿದ್ದೇವೆ, ಹಾಸಿಗೆಯ ಕವರು ಬಿಚ್ಚಿ ಒಗೆಯಲು ಹಾಕಿದ್ದೇವೆ ಎಂದ ಅಕ್ಕ, "ಈ ರಬ್ಬರ್ ಹಾಸ್ಗೇನ ಬಿಸ್ಲಿಗೆ ಹಾಕ್ಬೋದಾ ವೇದಾ? ನಿಮ್ ಭಾವ ಕೇಳು ಅಂದ್ರು. ಇಲ್ಲೇ ಕುಂತವ್ರೆ" ಅಂದಳು.

ವೇದಾವತಿಯ ಕೈ ಹಿಟ್ಟಿನಲ್ಲೇ ನಿಂತಿತು. ದೇವರು ಒಮ್ಮೊಮ್ಮೆ ಹಿಂಬಾಗಿಲಿನಿಂದ ಬರುತ್ತಾನೆ, ಇವತ್ತು ಫೋನಿನಲ್ಲಿ ಬಂದಿದ್ದ. ಚೆನ್ನಾಗಿ ಒಣಹಾಕಕ್ಕ ಎಂಬ ಒಂದೇ ಮಾತು ಸಾಕು. ಹೊಸಕೋಟೆ ಇರುವುದು ಸೂರ್ಯನ ಬೆಳಕನ್ನೇ ಬೆಳೆಯಂತೆ ಕೊಯ್ದು ಕರೆಂಟು ಮಾಡುವ ಪಾವಗಡ ತಾಲೂಕಿನಲ್ಲಿ. ಅಲ್ಲಿಯ ಬಿಸಿಲಿಗೆ ಯಾರ ಸಹಾಯವೂ ಬೇಡ. ಜಗಲಿ, ಚಪ್ಪಲಿ, ನಗು ಎಲ್ಲ ಕಣ್ಣ ಮುಂದೆ ಸುಳಿದವು. ಅವಳು ನಾಲಗೆ ಸವರಿಕೊಂಡು ಬಾಯಿ ತೆರೆದಳು.

ಒಳಕೋಣೆಯಿಂದ ಮಲಗಿದ್ದವನ ದನಿ, ಸ್ಪೀಕರ್ ತುಂಬ ಕೇಳುವ ಹಾಗೆ ಬಂತು. "ಬಿಸ್ಲಿಗೆ ಹಾಕ್ಬ್ಯಾಡಿ ಅನ್ನು. ಪುಡಿ ಆಯ್ತದೆ."

ಫೋನು ಇಟ್ಟ ಮೇಲೆ ಆ ಮನೆಯಲ್ಲಿ ಚಪಾತಿಯಾಗಲಿಲ್ಲ. ಹಿಟ್ಟನ್ನು ಅವಳು ಕುಟ್ಟಿದ ರೀತಿಗೆ ಅದು ಏನಾಗಿಯೂ ಉಳಿಯಲಿಲ್ಲ. ಕೈಗೆ ಬಂದ ಶತ್ರುವನ್ನು ಗಂಡ ಕೈಯಾರೆ ಬಿಡಿಸಿ, ನೀರು ಕುಡಿಸಿ, ಬಸ್ಸು ಹತ್ತಿಸಿ ಕಳಿಸಿದ್ದ. ಹಬ್ಬ ಮುಗಿಯುವ ತನಕ ಅವಳು ಅವನ ಜೊತೆ ಮಾತಾಡಲಿಲ್ಲ. ಅದು ಅವನಿಗೆ ಗೊತ್ತಾಗಲಿಲ್ಲ.

ಹೊಸಕೋಟೆಯಲ್ಲಿ ನಡೆದದ್ದು ಆಮೇಲೆ ಇಂದ್ರಮ್ಮನ ಬಾಯಿಂದಲೇ ತಿಳಿಯಿತು. ಆ ದನಿ ಕೇಳಿದ್ದೇ ವೆಂಕಟರಾಮಯ್ಯ ತೊಡೆ ತಟ್ಟಿಕೊಂಡನಂತೆ. ಜಗಲಿಯಲ್ಲಿ ಚಪ್ಪಲಿ ಪಕ್ಕ ಮಲಗಿಸಿದವನಿಗೆ ಇವನು ಒಳ್ಳೆಯ ಬುದ್ಧಿ ಹೇಳುತ್ತಾನೆಯೇ? ನಮ್ಮ ಹಾಸಿಗೆಗೆ ತಿಗಣೆ ಹತ್ತಲಿ, ಮುಗ್ಗಲು ಹಿಡಿಯಲಿ ಎಂದೇ ಬೇಡ ಅಂದಿದ್ದಾನೆ. "ಆ ನಿದ್ದೆಬುರುಕ ಬ್ಯಾಡ ಅಂದ್ಮೇಲೆ ಹಾಕ್ಲೇಬೇಕು ಕಣೇ" ಅಂದವನೇ ಆಳುಗಳಿಂದ ಹಾಸಿಗೆಯನ್ನು ತಾರಸಿಗೆ ಹೊರಿಸಿದ. ಕವರು ಮೊದಲೇ ಬಿಚ್ಚಿತ್ತು. ಕಡ್ಲೆಕಾಯಿ ಒಣಗಿಸುವವನಿಗೆ ಅರ್ಧಂಬರ್ಧ ಒಣಗಿಸಿ ಗೊತ್ತಿಲ್ಲ. ಹಬ್ಬದ ತನಕ ದಿನವೂ ಮಗುಚಿ ಹಾಕಿಸಿದ, ತಾನೇ ನಿಂತು ದೊಣ್ಣೆಯಲ್ಲಿ ಬಡಿದ. ಮೊದಲು ಹಳದಿ ತಿರುಗಿತು, ಆಮೇಲೆ ಬಿರಿಯಿತು. ಹಬ್ಬದ ದಿನ ಮಂಚಕ್ಕೆ ಇಳಿಸಿ ಭಾವ ಮೈ ಚಾಚಿದ್ದೇ ತಡ, ಹುರಿದ ಕಡ್ಲೆಬೀಜ ಉಜ್ಜಿದರೆ ಸಿಪ್ಪೆ ಉದುರುವ ಹಾಗೆ ಹಾಸಿಗೆ ಉದುರಿತು. ಮೂಗು, ಬಾಯಿ, ಹೊಸ ಪಂಚೆ, ಎಲ್ಲ ಕಡೆ ರಬ್ಬರಿನ ಹಿಟ್ಟು. ಕೆಳಗಿನ ಸ್ಪ್ರಿಂಗುಗಳು ಮಾತ್ರ ಎದ್ದು ನಿಂತು ಸೊಂಟ ವಿಚಾರಿಸಿಕೊಂಡವು.

ಅದನ್ನು ಕೇಳಿದ ದಿನ ವೇದಾವತಿ ನಡುಮಧ್ಯಾಹ್ನ ಮನೆಗೆ ಬಂದು, ಹೊಸ ಹಾಸಿಗೆಯ ಮೇಲೆ ಮೊದಲ ಸಲ ಮೈ ಚಾಚಿ, ಸಂಜೆ ದೀಪ ಹಚ್ಚುವ ಹೊತ್ತು ಮೀರುವವರೆಗೆ ಮಲಗಿದಳು. ಎದ್ದಾಗ ಕೆನ್ನೆಯ ಮೇಲೆ ದಿಂಬಿನ ಗೆರೆ ಮೂಡಿತ್ತು.

ಅಷ್ಟರಲ್ಲಿ ನೆಂಟರ ನಡುವೆ ಲಕ್ಷ್ಮೀಪತಿಯ ಕೀರ್ತಿ ಹಬ್ಬಿತ್ತು. ಸುಳ್ಳು ಹೇಳಿ ಕೆಡಿಸುವವರನ್ನು ಎಲ್ಲರೂ ಕಂಡಿದ್ದಾರೆ, ನಿಜ ಹೇಳಿ ಕೆಡಿಸಿದವನು ಇವನೊಬ್ಬನೇ ಎಂದರು. ಮಲಗಿದ ಹಾಗೆ ನಟಿಸುತ್ತ ವರ್ಷಗಟ್ಟಲೆ ಹೊಂಚು ಹಾಕಿದ್ದಾನೆ, ಹಾವಿಗಿಂತ ತಣ್ಣಗಿನ ಮನುಷ್ಯ ಎಂದರು. ವೇದಾವತಿಗೂ ಹಾಗೇ ಅನ್ನಿಸತೊಡಗಿತು. ಇವನಿಗೆ ಕಾಫಿಯ ಜೊತೆ ಎರಡು ಬಿಸ್ಕತ್ತು ಜಾಸ್ತಿ ಇಡತೊಡಗಿದಳು.

ಕೊರಟಗೆರೆಯಲ್ಲಿ ನೆಂಟರ ಮನೆಯ ನಾಮಕರಣದಲ್ಲಿ ಎಲ್ಲರೂ ಮತ್ತೆ ಸೇರಿದರು. ಭಾವ ಸೊಂಟ ಹಿಡಿದುಕೊಂಡು ಕುರ್ಚಿಯಲ್ಲಿ ಓರೆಯಾಗಿ ಕೂತಿದ್ದ. ಊಟವಾದ ಮೇಲೆ, ಮಧುಗಿರಿಯಲ್ಲಿ ಇನ್ನೂ ಜಮೀನಿನ ಕೆಲಸ ಉಳಿದಿದೆ, ಎರಡು ದಿನ ಬಂದು ಹೋಗಬೇಕು ಎಂದು ಮೆಲ್ಲಗೆ ತೆಗೆದ. ವೇದಾವತಿ ಈ ಮಾತಿಗಾಗಿಯೇ ಇಷ್ಟು ವರ್ಷ ಬದುಕಿದ್ದಳು.

"ಬನ್ನಿ ಭಾವ. ಚಾಪೆ ಐತೆ. ಚಪ್ಪಲಿ ಬಿಡೋ ತಾವ ಗಾಳೀನೂ ಚೆನ್ನಾಗ್ ಬತ್ತದೆ."

ಈ ಸಲ ನಕ್ಕ ನಗುವಿಗೆ ತೊಟ್ಟಿಲ ಮಗು ಬೆಚ್ಚಿ ಅತ್ತಿತು. ಭಾವನ ಮುಖ ಬೆಂದ ಬದನೆಕಾಯಿಯಾಯಿತು. ಅವನು ಕುರ್ಚಿಯನ್ನು ಕಷ್ಟಪಟ್ಟು ತಿರುಗಿಸಿ, ಗೋಡೆಗೊರಗಿ ಕಣ್ಣು ಮುಚ್ಚಿದ್ದ ಲಕ್ಷ್ಮೀಪತಿಯನ್ನು ತಟ್ಟಿ ಎಬ್ಬಿಸಿದ.

"ಏಮಯ್ಯಾ, ಹೇಳ್ಬುಡು. ನಾನು ನಿನ್ನ ಮಾತು ನಂಬಲ್ಲ, ಉಲ್ಟಾನೇ ಮಾಡ್ತೀನಿ ಅಂತ ಗೊತ್ತಿದ್ದೇ ಅವತ್ತು ಅಂಗಂದೆ ತಾನೆ? ಎಷ್ಟ್ ದಿನದಿಂದ ಹೊಂಚಾಕಿದ್ದೆ?"

ಎಲೆ ಎತ್ತುತ್ತಿದ್ದವರು ಎಲೆ ಹಿಡಿದೇ ನಿಂತರು. ವೇದಾವತಿ ಸೆರಗು ಸರಿಮಾಡಿಕೊಂಡು ಗಂಡನ ಪಕ್ಕಕ್ಕೆ ಬಂದು ನಿಂತಳು. ಲಕ್ಷ್ಮೀಪತಿ ಒಂದು ಕಣ್ಣು ತೆರೆದ, ಆಕಳಿಸಿದ.

"ಏನ್ ಹೊಂಚಣ್ಣ? ಅಕ್ಕ ತಂಗಿ ಫೋನ್ ಹಿಡುದ್ರೆ ಬೇಗ ಇಡಾಕಿಲ್ಲ. ಕೇಳಿದ್ದು ಹೇಳ್ಬುಟ್ರೆ ಮಲಿಕ್ಕಬೋದು ಅಂತ ಅಂದೆ."