ತುದಿ ನಾಲಿಗೆಯ ಕಹಿ

ಕೊಟ್ಟೂರಿನ ಹೈಸ್ಕೂಲೊಂದರಲ್ಲಿ ವಿಜ್ಞಾನ ಕಲಿಸುವ ರೇಣುಕಾ ಟೀಚರ್‌ಗೆ ‘ಇರಬಹುದು’ ಎಂಬ ಮಾತು ಆಗಿಬರುತ್ತಿರಲಿಲ್ಲ. ಭೂಮಿ ಗುಂಡಗಿದೆ, ರೋಗಕ್ಕೆ ರೋಗಾಣು ಕಾರಣ, ಮನುಷ್ಯನ ಪೂರ್ವಜರು ಮರದ ಮೇಲಿದ್ದರು, ಎಲ್ಲವನ್ನೂ ಕಡ್ಡಿ ಮುರಿದಂತೆ ಹೇಳಿ, ಕೊನೆಗೆ “ನೂರಕ್ಕೆ ನೂರು” ಎಂದು ಮೇಜು ಕುಟ್ಟುವುದು ಆಕೆಯ ಪದ್ಧತಿ. ಬೆಳೆದದ್ದು ಕುರಿ ಕಾಯುವವರ ಮನೆಯಲ್ಲಿ. ಅಲ್ಲಿ ಏನು ಕೇಳಿದರೂ ದೇವರು, ದೆವ್ವ, ಹಣೆಬರಹ, ಇಷ್ಟೇ ಉತ್ತರ. ಅಂಥವಳಿಗೆ ಪುಸ್ತಕದ ಗಟ್ಟಿ ಮಾತು ಎಷ್ಟು ಹಿತವಾಗಿತ್ತೋ ನಾವೇನು ಬಲ್ಲೆವು? ಅದಕ್ಕೆ ಆಕೆಯನ್ನು ನೋಡಿ ನಗಬೇಡಿ.

ಒಂದು ದಿನ ನಾಲಿಗೆಯ ಪಾಠ ಬಂತು. ತುದಿಗೆ ಸಿಹಿ, ಪಕ್ಕಕ್ಕೆ ಹುಳಿ, ಹಿಂದಕ್ಕೆ ಕಹಿ ಎಂದು ಗೋಡೆಯ ಹಳೆಯ ಚಾರ್ಟಿಗೆ ಕೋಲು ಮುಟ್ಟಿಸುತ್ತ ಹೋದಳು. ಹುಡುಗಿಯೊಬ್ಬಳು ಎದ್ದು ನಿಂತಳು. “ಟೀಚರ್, ಯುಗಾದಿ ಬೇವು ನನಿಗೆ ತುದಿ ನಾಲಿಗಿಗೇ ಕಹಿ ಆಗಿತ್ರಿ.”

“ನೀನು ಸರಿಯಾಗಿ ತಿಂದಿಲ್ಲ, ಕೂತ್ಕೊ,” ಎಂದು ಗದರಿದಳು ರೇಣುಕಾ. ಬೇವು ತಿನ್ನುವುದರಲ್ಲಿ ಸರಿ ತಪ್ಪು ಏನಿರುತ್ತದೋ! ಸಂಜೆ ಮನೆಗೆ ಬಂದವಳಿಗೆ ಸುಮ್ಮನಿರಲಾಗಲಿಲ್ಲ. ಅಂಗಳದ ಬೇವಿನ ಚಿಗುರು ಕಿತ್ತು ತುದಿ ನಾಲಿಗೆಗೆ ಒರೆಸಿಕೊಂಡಳು. ಮುಖ ಕಿವುಚಿಕೊಂಡಿತು. ಹುಡುಕಿ ಓದಿದರೆ, ತಿಳಿದವರು ಆ ಚಿತ್ರವನ್ನು ಎಂದೋ ಕೈಬಿಟ್ಟಿದ್ದರು. ಮರುದಿನ ಮಕ್ಕಳ ಮುಂದೆ “ನಾನು ಹೇಳಿದ್ದು ತಪ್ಪು” ಎಂದು ಚಾರ್ಟ್ ಇಳಿಸಿ ಸುತ್ತಿಟ್ಟಳು. ಹಾಗೆ ಹೇಳುವಾಗ ಕಿವಿ ಬಿಸಿಯಾಗಿತ್ತು. ಆದರೂ ಹೇಳಿದಳು, ಅದು ದೊಡ್ಡ ಮಾತು.

ಆಕೆಯ ಅಣ್ಣ ಕರಿಸಿದ್ದಪ್ಪ ಕೂಡ್ಲಿಗಿ ಹತ್ತಿರದ ಊರಿನಲ್ಲಿ ಕುರಿ ಸಾಕುತ್ತಾನೆ. ತಂಗಿ ಓದಲಿ ಎಂದು ತಾನು ಶಾಲೆ ಬಿಟ್ಟು ಕುರಿಯ ಹಿಂದೆ ಹೋದವನು. ರೇಣುಕಾಗೆ ಅವನೆಂದರೆ ಜೀವ. ನಾಲಿಗೆಯ ಕಥೆಯನ್ನು ಫೋನಿನಲ್ಲಿ ಅವನಿಗೂ ಹೇಳಿ ನಕ್ಕಿದ್ದಳು. ಅದೇ ಮುಳುವಾಯಿತು.

ಸ್ವಲ್ಪ ದಿನಕ್ಕೆ ಅತ್ತಿಗೆ ಮೈಲಮ್ಮನ ಫೋನು ಬಂತು. “ರೇಣವ್ವ, ನಿಮ್ಮಣ್ಣನ ಕಾಲಿಗೆ ಹುಚ್ಚುನಾಯಿ ಕಚ್ಚೈತಿ. ದವಾಖಾನಿಗೆ ಹೋಗಿ ಒಂದು ಸಲ ಸೂಜಿ ಮಾಡಿಸ್ಕೊಂಡು ಬಂದಾನ, ಇನ್ನು ಒಲ್ಲೆ ಅಂತಾನ. ಹಡಗಲಿ ಕಡಿ ಯಾರೋ ಬೇರು ಕಟ್ಟೋನು ಅದಾನಂತ, ಅಲ್ಲಿಗೆ ಹೊಂಟಾನ. ಕೇಳಿದ್ರ, ರೇಣಿ ನಾಲಿಗಿ ಪಾಠಾನ ಸುಳ್ಳಾತು, ಸೂಜಿ ಪಾಠ ಏನು ಖರೆ ಅಂತಾನ!”

ಹುಚ್ಚುನಾಯಿಯ ರೋಗ ಎಂಥದೆಂದು ರೇಣುಕಾಗೆ ಗೊತ್ತು. ಆ ರೋಗ ಒಮ್ಮೆ ತಲೆಗೇರಿತೆಂದರೆ ಬ್ರಹ್ಮ ಬಂದರೂ ಉಳಿಸುವುದು ಕಷ್ಟ. ರಜೆ ಹಾಕಿ ಕೂಡ್ಲಿಗಿ ಬಸ್ಸು ಹತ್ತಿದಳು.

ದಾರಿಯುದ್ದಕ್ಕೂ ತನ್ನನ್ನೇ ಕೇಳಿಕೊಂಡಳು. ರೋಗಾಣುವನ್ನು ನಾನೇನು ಕಣ್ಣಾರೆ ಕಂಡವಳೇ? ಭೂಮಿಯನ್ನು ಸುತ್ತಿ ಬಂದವಳೇ? ಚಾರ್ಟನ್ನು ನಂಬಿದಂತೆ ಅವನ್ನೂ ನಂಬಿದೆ. ಆದರೆ ಚಾರ್ಟು ಒಂದು ಬೇವಿನೆಲೆಗೆ ಬಿದ್ದುಹೋಯಿತು. ರೋಗಾಣುವಿನ ಮಾತನ್ನು ಬೀಳಿಸಲು ಎಷ್ಟೋ ಬುದ್ಧಿವಂತರು ಹೆಣಗಿದ್ದಾರೆ, ಅದು ಜಗ್ಗಲಿಲ್ಲ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು. ಇದನ್ನೆಲ್ಲ ಅಣ್ಣನಿಗೆ ಹೇಳುವುದು ಹೇಗೆ? ಬೇಡ. ಅವ್ವನ ಮೇಲೆ ಆಣೆ ಮಾಡಿ, ಸೂಜಿ ನೂರಕ್ಕೆ ನೂರು, ವಿಜ್ಞಾನ ಎಂದೂ ತಪ್ಪುವುದಿಲ್ಲ ಎಂದುಬಿಡುತ್ತೇನೆ. ಜೀವ ಉಳಿದರೆ ಸಾಕು, ಸುಳ್ಳಿನ ಪಾಪ ನನಗಿರಲಿ. ಹೀಗೆ ಗಟ್ಟಿ ಮಾಡಿಕೊಂಡೇ ಬಸ್ಸಿಳಿದಳು.

ಕರಿಸಿದ್ದಪ್ಪ ಮನೆಯ ಮುಂದಿನ ಕಟ್ಟೆಯ ಮೇಲೆ ಕಾಲು ಚಾಚಿ ಕುಳಿತಿದ್ದ. ಮೀನಖಂಡದಲ್ಲಿ ಹಲ್ಲಿನ ಗುರುತು ಕಪ್ಪಾಗಿತ್ತು.

“ಬೇರು ಕಟ್ಟೋನು ನೂರಕ್ಕ ನೂರು ಅಂತ ದೇವರ ಮ್ಯಾಲೆ ಆಣಿ ಮಾಡ್ತಾನಂತ,” ಎಂದ. “ಸೂಜಿಗೆ ನೀ ಮಾಡ್ತೀಯೇನು, ತಂಗೀ?”

ರೇಣುಕಾ ಬಾಯಿ ತೆರೆದಳು. ಅಣ್ಣ ಆಕೆಯ ಮುಖವನ್ನೇ ನೋಡುತ್ತಿದ್ದ. ಈ ಮನುಷ್ಯ ಎಂದೂ ತನಗೊಂದು ಸುಳ್ಳು ಹೇಳಿದವನಲ್ಲ. ಕಟ್ಟಿಕೊಂಡು ಬಂದ ಆಣೆಯನ್ನು ಅಲ್ಲೇ ಕೈಬಿಟ್ಟಳು.

“ಇಲ್ಲಣ್ಣ, ಆಣಿ ಮಾಡಂಗಿಲ್ಲ. ನಾಲಿಗಿ ಪಾಠ ತಪ್ಪಿತ್ತು, ನಾನು ಒಮ್ಮೆನೂ ಬೇವು ಹಚ್ಚಿ ನೋಡಿರಲಿಲ್ಲ. ಸೂಜಿ ಹಂಗಲ್ಲ. ಲಕ್ಷಗಟ್ಟಲೆ ಮಂದಿಗೆ ಹಾಕಿ ನೋಡ್ಯಾರ. ಹೊತ್ತಿಗೆ ಸರಿಯಾಗಿ ಎಲ್ಲಾ ಸೂಜಿ ತಗಂಡೋರು ಉಳದಾರ. ಎಲ್ಲೋ ಒಬ್ರಿಗೆ ಕೈ ಕೊಟ್ಟಿರಬೌದು, ಅದನ್ನ ನಿನ್ನಿಂದ ಮುಚ್ಚಿಡಂಗಿಲ್ಲ. ಆದ್ರ ಇದಕ್ಕಿಂತ ಗಟ್ಟಿ ಆಸರ ಈ ಭೂಮಿ ಮ್ಯಾಲೆ ಇಲ್ಲ. ನೀ ಹೋದ್ರ ನಾ ಯಾರಿಗೆ ಅಣ್ಣ ಅನ್ಲಿ?”

ಹಾಗೆನ್ನುತ್ತಲೇ ಅತ್ತುಬಿಟ್ಟಳು. ಮೈಲಮ್ಮ ಹಣೆ ಹಣೆ ಚಚ್ಚಿಕೊಂಡಳು. “ಅಷ್ಟು ದೂರದಿಂದ ಬಂದು ಒಂದು ಆಣಿ ಮಾಡಾಕ ಆಗಲಿಲ್ಲೇನು ನಿನಿಗೆ!”

ಕರಿಸಿದ್ದಪ್ಪ ಕಾಲು ಮಡಿಸಿ ಕಟ್ಟೆ ಇಳಿದ. ಆಮೇಲೆ, “ಅಂಗಿ ಕೊಡು,” ಎಂದ ಹೆಂಡತಿಗೆ.

“ಹಡಗಲಿಗಾ?”

“ದವಾಖಾನಿಗೆ.”

ಸೂಜಿ ಮಾಡಿಸಿಕೊಂಡು ಬಂದು ಹೊರಗಿನ ಬೆಂಚಿನ ಮೇಲೆ ತೋಳು ತಿಕ್ಕುತ್ತ ಕುಳಿತಾಗ, ಅವನಾಗಿಯೇ ಬಾಯಿಬಿಟ್ಟ.

“ಸಂತ್ಯಾಗ ‘ದೇವರಾಣಿ, ಕುರಿ ಚೊಲೊ ಐತಿ’ ಅನ್ನೋನ ಹತ್ರ ನಾ ಎಂದೂ ಕುರಿ ತಗಂಡೋನಲ್ಲ. ‘ಒಂದು ಕಾಲು ತುಸು ಎಳಿತೈತಿ, ನೀನಾ ಬೆನ್ನು ಮುಟ್ಟಿ ನೋಡು’ ಅಂತಾನಲ್ಲ, ಅವನ ಕುರಿನಾ ಮನಿಗೆ ಹೊಡ್ಕಂಡು ಬರ್ತೀನಿ. ಜೀವದ ಭಯದಾಗ ನನ್ನ ವ್ಯಾಪಾರ ನನಿಗೇ ಮರ್ತಿತ್ತು. ನೀ ಏನಾರ ಆಣಿ ಮಾಡಿದ್ದಿ ಅಂದ್ರ, ನೀನೂ ಬೇರು ಕಟ್ಟೋನೂ ಒಂದಾ ಅಂತ ತಿಳ್ಕಂಡು ನಾ ಹಡಗಲಿ ಬಸ್ಸಾ ಹತ್ತತಿದ್ದೆ.”

ರೇಣುಕಾ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಬಸ್ಸಿನಲ್ಲಿ ತಾನು ಏನು ಗಟ್ಟಿ ಮಾಡಿಕೊಂಡು ಬಂದಿದ್ದೆ ಎಂಬುದನ್ನು ಅವನಿಗೆ ಹೇಳಲಿಲ್ಲ.

“ಮುಂದಿನ ಸೂಜಿ ಯಾವತ್ತು, ಕೇಳ್ಕಂಡು ಬಾ,” ಎಂದ ಅಣ್ಣ. ಆಕೆ ಎದ್ದಳು. ತಾರೀಖು ಬರೆಸಿಕೊಳ್ಳಲು ಅವನ ಚೀಟಿ ಹಿಡಿದು ಒಳಗೆ ಹೋದಳು.